ಹಳೆಯದು ಮಾಡುವವರು

ಎದೆರೋಗದ ಆಸ್ಪತ್ರೆ, ಗಂಡಸರ ವಾರ್ಡು
ಫೆಬ್ರವರಿ 6

ಅಕ್ಕ,

ಫೋನ್ ಮಾಡಬೇಡ. ನೀನು ಕೇಳಿದ್ದಕ್ಕೆ ಉತ್ತರ ಕೊಡುವಷ್ಟರಲ್ಲಿ ಕೆಮ್ಮು ಹತ್ತಿಕೊಳ್ಳುತ್ತದೆ. ಅತ್ತ ಅಮ್ಮ ಅಳುತ್ತಾಳೆ, ಇತ್ತ ನರ್ಸಮ್ಮ ಬೈಯುತ್ತಾಳೆ. ಬರೆಯುವುದಕ್ಕೆ ಅಷ್ಟು ಉಸಿರು ಬೇಕಾಗಿಲ್ಲ. ಇನ್ನು ಮೇಲೆ ಕಾಗದವೇ ಗತಿ.

ಇಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ಇಷ್ಟು ಆಸ್ಪತ್ರೆ ಅಲೆದೆವಲ್ಲ, ಎಲ್ಲರೂ ಕೇಳಿದ್ದು ಒಂದೇ: ಬೀಡಿ ಸೇದ್ತೀಯಾ, ಕುಡೀತೀಯಾ, ಮನೇಲಿ ಯಾರಿಗಾದ್ರೂ ಕ್ಷಯ ಇತ್ತಾ? ಇವರು ಕುರ್ಚಿ ಎಳೆದುಕೊಂಡು ಕೂತು, "ಏನಪ್ಪಾ ಕೆಲಸ ಮಾಡ್ತಿದ್ದೆ?" ಎಂದು ಕೇಳಿದರು. ಅಕ್ಕ, ಯಾರೂ ಕೇಳಿರಲಿಲ್ಲ ಈ ಪ್ರಶ್ನೆ.

"ಹೊಸ ಪ್ಯಾಂಟನ್ನ ಹಳೇದು ಮಾಡ್ತೀನಿ ಮೇಡಂ" ಅಂದೆ.

"ಹಾಗಂದ್ರೆ?"

ಹೇಳಿದೆ. ಜೀನ್ಸ್ ಪ್ಯಾಂಟು ಹೊಲಿಗೆಯಿಂದ ಕಪ್ಪು ನೀಲಿಯಾಗಿ ಬರುತ್ತದೆ, ಅದು ಕೊಳ್ಳುವವರಿಗೆ ಹಿಡಿಸುವುದಿಲ್ಲ. ವರ್ಷಗಟ್ಟಲೆ ದುಡಿದವನು ತೊಟ್ಟ ಹಾಗೆ ತೊಡೆ, ಮಂಡಿ ಎಲ್ಲ ಸವೆದಿರಬೇಕು. ಅದಕ್ಕೆ ಪೈಪಿನಿಂದ ಮರಳು ಹೊಡೆಯುತ್ತೇವೆ. ಧೂಳು ಹೊಲಿಗೆ ಹಾಲಿಗೆ ಹೋಗಬಾರದೆಂದು ಮರಳು ರೂಮಿಗೆ ಕಿಟಕಿಯಿಲ್ಲ. ಬಿದ್ದ ಮರಳನ್ನೇ ಗುಡಿಸಿ, ಜರಡಿ ಹಿಡಿದು ಮತ್ತೆ ಹೊಡೆಯುತ್ತೇವೆ. ಮೂಗಿಗೆ ಕರ್ಚೀಫು. ಶಿಫ್ಟ್ ಮುಗಿದಾಗ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗಿರುತ್ತೇವೆ.

ಪಕ್ಕದ ಮಂಚದ ಲಾರಿ ಡ್ರೈವರಣ್ಣ ಎದ್ದೇ ಕೂತ. "ಏನೋ ತಮ್ಮಾ, ಸವೆದ ಬಟ್ಟೇನ ದುಡ್ಡು ಕೊಟ್ಟು ತಗೋತಾರಾ? ಮೊದ್ಲೇ ಹೇಳ್ಬಾರ್ದಾ, ನನ್ ಚಡ್ಡಿ ಎಲ್ಲಾ ರೆಡಿ ಮಾಲು!" ಇಡೀ ವಾರ್ಡು ನಕ್ಕಿತು. ನಕ್ಕವರೆಲ್ಲ ಆಮೇಲೆ ಕೆಮ್ಮಿದರು.

ಡಾಕ್ಟರಮ್ಮ ನಗಲಿಲ್ಲ. ಇದು ಕ್ಷಯ ಅಲ್ಲವಂತೆ. ಮರಳಿನ ಧೂಳು ಎದೆಯೊಳಗೆ ಕೂತು ಗಟ್ಟಿಯಾಗಿದೆಯಂತೆ. ಅದನ್ನು ತೆಗೆಯುವ ಔಷಧಿ ಲೋಕದಲ್ಲಿ ಇಲ್ಲ. ಇಷ್ಟು ದಿನ ನುಂಗಿದ ಕ್ಷಯದ ಮಾತ್ರೆ ದಂಡ. ಅಳಬೇಡ, ಮುಂದೆ ಓದು. ಕೆಲಸದಿಂದ ಬಂದ ರೋಗ ಎಂದು ಕಾರ್ಮಿಕರ ಪರಿಹಾರ ಮಂಡಳಿ ಒಪ್ಪಿದರೆ ಆಮ್ಲಜನಕದ ಯಂತ್ರವನ್ನು ಮನೆಗೇ ಕೊಡುತ್ತಾರೆ. ನಾನು ಮನೆಗೆ ಬರಬಹುದು, ಅಮ್ಮನ ಪಕ್ಕದಲ್ಲಿ ಇರಬಹುದು. ಮರಳು ರೂಮಿನಲ್ಲಿ ಉಳಿದ ಹುಡುಗರನ್ನೂ ಪರೀಕ್ಷೆ ಮಾಡಿಸಬೇಕಾಗುತ್ತದೆ. ಅದಕ್ಕೆ ಫ್ಯಾಕ್ಟರಿಯವರು ಒಂದೇ ಒಂದು ಸಾಲು ಬರೆದುಕೊಡಬೇಕು: ನಮ್ಮಲ್ಲಿ ಮರಳು ರೂಮು ಇದೆ, ಇವನು ಅಲ್ಲಿ ಕೆಲಸ ಮಾಡಿದ್ದಾನೆ.

ನೀನು ಅದೇ ಫ್ಯಾಕ್ಟರಿಯ ಯೂನಿಯನ್ ಕಾರ್ಯದರ್ಶಿ. ಒಂದು ಸಾಲು ತರಲಾರೆಯಾ?

ನಿನ್ನ ತಮ್ಮ


ಮನೆ
ಫೆಬ್ರವರಿ 25

ತಮ್ಮಾ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಔಷಧಿ ಇಲ್ಲ ಎಂಬ ಸಾಲನ್ನು ಬಿಟ್ಟು ಓದಿದೆ. ಅಮ್ಮ, "ಕ್ಷಯ ಅಲ್ವಂತಲ್ಲ, ಸದ್ಯ!" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮರುದಿನವೇ ಹಲ್ಲುಕಿರುಕನ ಆಫೀಸಿಗೆ ಹೋದೆ. ಮ್ಯಾನೇಜರ್ ಆದರೂ ಅವನು ಸುಧಾರಿಸಿಲ್ಲ. ರಜೆ ಕೊಡುವುದಿಲ್ಲ ಎನ್ನುವಾಗಲೂ ಹಲ್ಲು ಬಿಡುತ್ತಾನೆ. ನನಗೆ ಕುರ್ಚಿ ಹಾಕಿಸಿದ. ಇವನು ಕುರ್ಚಿ ಹಾಕಿಸಿದನೆಂದರೆ ಕುತ್ತಿಗೆಗೆ ಬಂದಿದೆ ಎಂದೇ ಅರ್ಥ.

"ಅಕ್ಕಾ, ನೀವು ತಿಳಿದವ್ರು. ನಮ್ ಪ್ಯಾಂಟು ತಗೊಳ್ಳೋ ಕಂಪನಿ ಇದೆಯಲ್ಲ, ಅವ್ರ ದೇಶದ ಟೀವೀಲಿ ಯಾರೋ ಮರಳಿನ ಸುದ್ದಿ ತೋರ್ಸಿಬಿಟ್ಟಿದ್ದಾರೆ. ಇನ್ಮೇಲೆ ಮರಳು ಹೊಡೆದ ಮಾಲು ಬೇಡ್ವೇ ಬೇಡ ಅಂತಾರೆ. ನೋಡೋಕೆ ಮುಂದಿನ ತಿಂಗಳು ಜನ ಬರ್ತಾರೆ."

"ಒಳ್ಳೇದಾಯ್ತಲ್ಲ ಸಾರ್, ಮರಳು ನಿಲ್ಸಿಬಿಡಿ."

"ನಿಲ್ಸಬಹುದು. ಆದ್ರೆ ಬಿಳುಪು ಮಾತ್ರ ಹಿಂದಿನ ಹಾಗೇ ಬರ್ಬೇಕಂತೆ. ರೇಟೂ ಅದೇ, ಗಡುವೂ ಅದೇ. ಉಪ್ಪುಕಾಗದ ಹಿಡ್ಕೊಂಡು ಕೈಯಲ್ಲಿ ಉಜ್ತಾ ಕೂತ್ರೆ ಆರ್ಡರು ಯಾವಾಗ ಮುಗಿಸ್ಲಿ? ಮರಳು ಕಂಡ್ರೆ ಆರ್ಡರು ಬೇರೆ ದೇಶಕ್ಕೆ. ಮುಗೀತು. ನಿಮ್ ಚೆಕ್ಕಿಂಗ್ ಮೇಜಿನ ಹೆಂಗಸ್ರು ಎಲ್ಲಾ ಮನೇಗೆ."

ನೋಡಿದೆಯಾ ಇವರ ನ್ಯಾಯ! ಕೊಳ್ಳುವವರಿಗೆ ಮರಳು ಬೇಡ, ಮರಳಿನ ಬಿಳುಪು ಬೇಕು. ಸಾವು ಕಣ್ಣಿಗೆ ಬೀಳಬಾರದು, ಸಾವಿನ ಕೆಲಸ ಮಾತ್ರ ಹೊತ್ತಿಗೆ ಸರಿಯಾಗಿ ತಲುಪಬೇಕು.

ನಿನ್ನ ಸಾಲಿನ ಮಾತೆತ್ತಿದೆ. "ಈಗ ಬೇಡಕ್ಕಾ. ಅವ್ರು ಬಂದು ಹೋಗ್ಲಿ. ಆಮೇಲೆ ನಿಮ್ ತಮ್ಮನಿಗೆ ಒಂದಲ್ಲ, ಹತ್ತು ಸಾಲು ಬರ್ಕೊಡ್ತೀನಿ" ಅಂದ. ಹಲ್ಲು ಬಿಟ್ಟ.

ಯೂನಿಯನ್ ಸಭೆ ಕರೆದೆ. ಮರಳು ರೂಮಿನ ಕುಳ್ಳ ಮೊದಲು ಎದ್ದು ನಿಂತ. "ರೂಮು ತೋರಿಸೋದು ಬೇಡಕ್ಕಾ. ನನಗೆ ಇದೊಂದೇ ಕೆಲಸ ಬರೋದು" ಅಂದ. ಅವನ ಹೆಂಡತಿ ತುಂಬು ಬಸುರಿ. ಮಾತು ಮುಗಿಸುವಷ್ಟರಲ್ಲಿ ಗೋಡೆ ಹಿಡಿದುಕೊಂಡ.

ಸ್ವಲ್ಪ ತಡೆದುಕೋ.

ನಿನ್ನ ಅಕ್ಕ


ಆಸ್ಪತ್ರೆ
ಮಾರ್ಚ್ 7

ಅಕ್ಕ,

ತಡೆದುಕೋ ಎನ್ನುವುದು ಎಲ್ಲ ಇರುವವರು ಹೇಳುವ ಮಾತು. ಅದು ನಿನ್ನ ಬಾಯಿಗೆ ಯಾವಾಗ ಬಂತು?

ಕಳ್ಳ ಒಳಗಿದ್ದಾನೆ, ಪೊಲೀಸರೇ ಬಂದು ಬಾಗಿಲು ಬಡಿಯುತ್ತಿದ್ದಾರೆ, ಮನೆಯವಳು ಹೋಗಿ ಚಿಲಕ ಹಾಕುತ್ತಾಳೆ ಎಂದರೆ ಏನನ್ನಬೇಕು? ವರ್ಷಾನುಗಟ್ಟಲೆ ಗೇಟಿನ ಮುಂದೆ ಗಂಟಲು ಹರಿದುಕೊಂಡೆವು, ಒಬ್ಬ ಅಧಿಕಾರಿ ತಿರುಗಿ ನೋಡಲಿಲ್ಲ. ಈಗ ನೋಡಲೆಂದೇ ಬರುತ್ತಿದ್ದಾರೆ. ತೋರಿಸು! ಕೈ ಹಿಡಿದು ಎಳೆದುಕೊಂಡು ಹೋಗು. ಅವರು ಬರೆದುಕೊಂಡರೆ ನನಗೆ ಹಲ್ಲುಕಿರುಕನ ಸಾಲೂ ಬೇಡ.

ಆರ್ಡರು ಹೋಗುತ್ತದೆ ಎನ್ನುತ್ತೀಯ. ಹೌದು, ಹೋಗುತ್ತದೆ. ಹೆಂಗಸರ ಒಲೆ ಆರುತ್ತದೆ, ನನಗೂ ಗೊತ್ತು. ಮೂರು ವರ್ಷ ನಮ್ಮ ಒಲೆ ಉರಿದದ್ದು ಯಾವುದರಿಂದ ಎಂದು ನನಗೆ ಇಲ್ಲಿ ಎಕ್ಸ್‌ರೇ ಹಿಡಿದು ತೋರಿಸಿದ್ದಾರೆ. ಎದೆಯ ಎರಡೂ ಕಡೆ ಸುಣ್ಣ ಎರಚಿದ ಹಾಗಿದೆ.

ಮೊನ್ನೆ ಡಾಕ್ಟರಮ್ಮನ ಜೊತೆ ಡಾಕ್ಟರಿಕೆ ಓದುವ ಹುಡುಗನೊಬ್ಬ ಬಂದಿದ್ದ. ನಮ್ಮಂಥದೇ ಪ್ಯಾಂಟು ಹಾಕಿದ್ದ. ಅವನು ನನ್ನ ಬೆನ್ನಿಗೆ ಕೊಳವೆ ಇಟ್ಟು ಕೇಳುತ್ತಿದ್ದರೆ ನಾನು ಅವನ ತೊಡೆಯನ್ನೇ ನೋಡುತ್ತಿದ್ದೆ. ಇದನ್ನು ಹೊಡೆದವನು ಈಗ ಎಲ್ಲಿ ಮಲಗಿದ್ದಾನೋ! "ಪ್ಯಾಂಟು ಚೆನ್ನಾಗಿದೆ" ಅಂದೆ. ಪಾಪ, ಥ್ಯಾಂಕ್ಸ್ ಅಂದ. ಚೆನ್ನಾಗಿಯೇ ಇತ್ತು, ಅಕ್ಕ. ಸುಳ್ಳು ಯಾಕೆ ಹೇಳಲಿ.

ಕುಳ್ಳನಿಗೆ ಹೇಳು, ಗೋಡೆ ಹಿಡಿದುಕೊಳ್ಳುವ ಕಾಲದಲ್ಲಿ ನಾನೂ ನಿನ್ನ ಹಾಗೇ ಮಾತಾಡುತ್ತಿದ್ದೆ ಎಂದು.

ತಮ್ಮ


ಮನೆ
ಏಪ್ರಿಲ್ 3

ತಮ್ಮಾ,

ಅವರು ಬಂದು ಹೋದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬೇರೆಯವರ ಬಾಯಿಂದ ನೀನು ಕೇಳಬಾರದು.

ಹಿಂದಿನ ದಿನ ಎಲ್ಲರೂ ಸೇರಿ ಮರಳು ರೂಮಿನ ಬಾಗಿಲ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು, ಒಬ್ಬರು ನುಸುಳುವಷ್ಟು ಸಂದು ಬಿಟ್ಟು, ಸೂರಿನವರೆಗೆ ಪೇರಿಸಿದೆವು. ಯಾರೂ ಬಲವಂತ ಮಾಡಲಿಲ್ಲ. ಹಲ್ಲುಕಿರುಕ ದೂರ ನಿಂತಿದ್ದ. ನಾವೇ ಹೊತ್ತೆವು, ನಾನೇ ನಿಂತು ಸಾಲು ಸರಿ ಮಾಡಿಸಿದೆ. ಕಾರ್ಯದರ್ಶಿ ಅಲ್ಲವೇ! ಮರಳಿನವರು ಫ್ಯಾಕ್ಟರಿಯ ಹಿಂಬಾಗಿಲಿಂದ ಹೊರಗೆ ಹೋಗಬೇಕು ಎಂದು ಮಾತಾಗಿತ್ತು. ಬೆಳಿಗ್ಗೆ ನೋಡಿದರೆ ಅವರ ಕಾರು ಹಿಂದಿನ ಗೇಟಿಗೇ ಬಂದು ನಿಂತಿತು. ಹುಡುಗರು ರೂಮಿನೊಳಗೇ ಉಳಿದರು. ದೀಪ ಆರಿಸಿ, ಬಾಗಿಲು ಹಾಕಿ, ಕೊನೆಯ ಪೆಟ್ಟಿಗೆ ಇಟ್ಟೆವು.

ಬಂದವರಲ್ಲಿ ಒಬ್ಬಳು ನನ್ನ ವಯಸ್ಸಿನವಳು, ಜೊತೆಗೆ ಮಾತು ತಿರುಗಿಸಿ ಹೇಳುವವನು. ಒಳ್ಳೆಯವಳ ಹಾಗೆ ಕಂಡಳು. ನನ್ನ ಮೇಜಿನ ಹತ್ತಿರ ಬಂದು ಪ್ಯಾಂಟಿನ ಬಿಳುಪನ್ನು ಬೆರಳಿನಿಂದ ಸವರಿ, "ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿಸಿದಳು.

ನಿನ್ನ ಕಾಗದ ನೆನಪಿತ್ತು ತಮ್ಮಾ. ಅಕ್ಷರ ಅಕ್ಷರವೂ ನೆನಪಿತ್ತು. ಬಾಯಿ ತೆರೆದೆ.

ಆಗ ಪೆಟ್ಟಿಗೆಗಳ ಹಿಂದೆ ಯಾರೋ ಕೆಮ್ಮಿದರು.

ಕುಳ್ಳನೇ ಇರಬೇಕು. ಬಟ್ಟೆ ಕಚ್ಚಿಕೊಂಡು ಕೆಮ್ಮಿದ ಹಾಗಿತ್ತು. ಅವಳು ತಲೆ ಎತ್ತಿದಳು. ನಾನೇನು ಮಾಡಿದೆ ಗೊತ್ತೇ? ಕೆಮ್ಮಿದೆ. ಎದೆ ಬಿರಿಯುವ ಹಾಗೆ ಸುಳ್ಳು ಕೆಮ್ಮು ಕೆಮ್ಮಿದೆ. ಒಳಗಿನವನಿಗೆ ತಡೆಯಲಾಗಲಿಲ್ಲ, ಮತ್ತೆ ಶುರುವಾಯಿತು. ಎದುರಿನವಳು ಕೆಮ್ಮಿದಳು. ಅವಳ ಪಕ್ಕದವಳು, ಗುಂಡಿ ಹಾಕುವವಳು, ಇಸ್ತ್ರಿಯವಳು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಇಡೀ ಹಾಲು ಕೆಮ್ಮಿತು.

"ಎಲ್ಲರಿಗೂ ಹುಷಾರಿಲ್ಲವೇ?" ಎಂದು ಅವಳು ಕೇಳಿಸಿದಳು. "ಹವಾ ಬದಲಾಗಿದೆ ನೋಡಿ" ಅಂದ ಹಲ್ಲುಕಿರುಕ. ಅವಳು ಚೀಲದಿಂದ ಗಂಟಲಿನ ಮಿಠಾಯಿ ತೆಗೆದು ನನ್ನ ಕೈಗೆ ಕೊಟ್ಟಳು. ಬಾಯಿಗೆ ಹಾಕಿಕೊಂಡೆ. ತಂಪಾಗಿತ್ತು.

"ಉಪ್ಪುಕಾಗದ ಹಿಡಿದು ಕೈಯಲ್ಲಿ ಉಜ್ಜುತ್ತೇವೆ ಅಮ್ಮಾ" ಅಂದೆ.

ಬರೆದುಕೊಂಡಳು. ಅವರು ಹೋದ ಮೇಲೆ ಪೆಟ್ಟಿಗೆ ತೆಗೆದರೆ ಕುಳ್ಳ ನೆಲದ ಮೇಲೆ ಮುದುಡಿ ಬಿದ್ದಿದ್ದ. ಕರ್ಚೀಫಿನ ಮೇಲೆ ರಕ್ತ ಇತ್ತು. ನನ್ನನ್ನು ನೋಡಿ, "ಥ್ಯಾಂಕ್ಸ್ ಅಕ್ಕಾ, ಬಚಾವ್ ಮಾಡಿದ್ರಿ" ಅಂದ.

ಬೈದು ಬರೆ. ಏನಾದರೂ ಬರೆ.

ಅಕ್ಕ


ಮನೆ
ಮೇ 19

ತಮ್ಮಾ,

ಎರಡು ಕಾಗದ ಹಾಕಿದೆ, ನಿನ್ನಿಂದ ಒಂದೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ನರ್ಸಮ್ಮ, "ಇದ್ದಾರೆ, ನಿದ್ದೆ ಮಾಡ್ತಿದ್ದಾರೆ" ಅನ್ನುತ್ತಾಳೆ. ಯಾವಾಗ ಕೇಳಿದರೂ ನಿದ್ದೆ.

ಕೇಳು. ಮರಳು ರೂಮು ಖಾಲಿಯಾಯಿತು. ಕಂಪ್ರೆಸರು, ಪೈಪು, ಹೊಡೆಯುವ ಮೇಜು ಎಲ್ಲವನ್ನೂ ಬಿಚ್ಚಿ ಕಂಟೇನರಿಗೆ ತುಂಬಿದರು. ನಾವು ಮುಚ್ಚಿಟ್ಟು ಉಳಿಸಿಕೊಂಡ ಕೆಲಸ ಹಡಗು ಹತ್ತಿ ಬೇರೆ ದೇಶಕ್ಕೆ ಹೋಯಿತು. ಅಲ್ಲಿ ಕೂಲಿ ಇನ್ನೂ ಅಗ್ಗವಂತೆ, ಕೇಳುವವರು ಇನ್ನೂ ಕಡಿಮೆಯಂತೆ. ಇನ್ನು ಮೇಲೆ ನಾವು ಹೊಲಿದು ಕಳಿಸಬೇಕು, ಅವರು ಅಲ್ಲಿ ಹಳೆಯದು ಮಾಡುತ್ತಾರೆ. ಮರಳಿನ ಹುಡುಗರನ್ನು ಗೇಟಿನ ಹೊರಗೆ ಬಿಟ್ಟರು. ಹೊಲಿಗೆಯಲ್ಲಿ ಅರ್ಧ ಜನರನ್ನೂ.

ನಿನ್ನ ಸಾಲು ಕೇಳಲು ಹೋದೆ. ಈ ಸಲ ಕುರ್ಚಿ ಹಾಕಿಸಲಿಲ್ಲ.

"ಯಾವ ಮರಳಕ್ಕಾ? ಬಂದವ್ರ ವರದಿ ಇದೆ ನೋಡಿ. ಈ ಫ್ಯಾಕ್ಟರೀಲಿ ಮರಳಿನ ಕೆಲಸ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಚೆಕ್ಕಿಂಗ್ ಮೇಜಿನ ಹೆಂಗಸೊಬ್ರು ಕೂಡ ಹಾಗೇ ಹೇಳಿದ್ರಂತೆ."

ಅವನ ಕೊರಳಪಟ್ಟಿ ಹಿಡಿದೆ. ಕಾವಲಿನವನು ಬಿಡಿಸಿದ. ರೂಮಿಗೆ ಓಡಿದೆ, ಒಂದು ಹಿಡಿ ಮರಳಾದರೂ ಸಿಕ್ಕೀತೆಂದು. ತೊಳೆದು ಬಣ್ಣ ಬಳಿದಿದ್ದಾರೆ. ಹೊಸ ಮನೆಯ ಹಾಗೆ ಘಮಘಮ ಎನ್ನುತ್ತಿದೆ.

ಕುಳ್ಳನಿಗೆ ಹೆಣ್ಣು ಮಗು. ಎತ್ತಿಕೊಳ್ಳಲು ಅವನಿಂದ ಆಗುವುದಿಲ್ಲ; ಮಲಗಿದವನ ಎದೆಯ ಮೇಲೆ ಮಲಗಿಸುತ್ತಾರೆ. ಎದೆ ಸೀಟಿ ಹಾಕುತ್ತದೆ, ಅದನ್ನು ಕೇಳಿ ಮಗು ನಿದ್ದೆ ಹೋಗುತ್ತದಂತೆ.

ಅಕ್ಕ


ಆಸ್ಪತ್ರೆ
ಜೂನ್ 11

ಅಕ್ಕ,

ಸಿಟ್ಟಿನಿಂದ ಸುಮ್ಮನಿರಲಿಲ್ಲ. ಮೊದಲು ಸಿಟ್ಟಿತ್ತು. ಆಮೇಲೆ ಕೈ ಏಳಲಿಲ್ಲ. ಇದನ್ನು ನಿಲ್ಲಿಸಿ ನಿಲ್ಲಿಸಿ ಬರೆಯುತ್ತಿದ್ದೇನೆ.

ಡ್ರೈವರಣ್ಣ ಹೋದ. ಹೋಗುವ ಮುಂಚೆ, "ತಮ್ಮಾ, ನನ್ ಚಡ್ಡಿಗಳನ್ನ ನಿನ್ ಹೆಸ್ರಿಗೆ ಬರೆದಿದ್ದೀನಿ, ಪರದೇಶಕ್ಕೆ ಮಾರ್ಕೋ" ಅಂದ. ಅವನ ಮಂಚಕ್ಕೆ ಕಲ್ಲು ಒಡೆಯುವ ಹುಡುಗ ಬಂದಿದ್ದಾನೆ. ಅವನೂ ಕ್ಷಯದ ಮಾತ್ರೆ ನುಂಗಿಯೇ ಬಂದವನು.

ನೀನು ಕೆಮ್ಮಿದ್ದನ್ನು ಬಹಳ ಸಲ ಯೋಚಿಸಿದೆ. ನಾನು ಆ ಹಾಲಿನಲ್ಲಿ ಇದ್ದಿದ್ದರೆ? ಗೊತ್ತಿಲ್ಲ. ನಮ್ಮ ಕೈಯಿಂದಲೇ ನಮ್ಮನ್ನು ಮುಚ್ಚಿಸಿದರು. ಅವರು ಗೆದ್ದ ಆಟ ಅದು. ಆದರೆ ಕ್ಷಮಿಸಿದೆ ಎಂದು ಬರೆಸಿಕೊಳ್ಳಲು ಕಾಯಬೇಡ. ಅದು ಬರೆಯುವ ಮಾತಲ್ಲ.

ಈಗ ಕೆಲಸದ ಮಾತು. ಮಂಡಳಿ ನನ್ನ ಅರ್ಜಿ ತಳ್ಳಿಹಾಕಿತು. ಫ್ಯಾಕ್ಟರಿಯಲ್ಲಿ ಮರಳೇ ಇಲ್ಲದ ಮೇಲೆ ಎದೆಗೆ ಎಲ್ಲಿಂದ ಬಂತು ಎನ್ನುತ್ತಾರೆ. ಡಾಕ್ಟರಮ್ಮ ಜಗಳ ಆಡಿದರು, ಆಗಲಿಲ್ಲ. ಇನ್ನು ಉಳಿದದ್ದು ಒಂದೇ. ಎದೆಯ ತುಂಡು ತೆಗೆದು ನೋಡಿದರೆ ಕಲ್ಲಿನ ಪುಡಿ ಯಾವುದು ಎಂದು ತಿಳಿಯುತ್ತದೆ. ಒಬ್ಬನದು ಸಾಬೀತಾದರೆ ರೂಮಿನ ಉಳಿದವರದನ್ನೂ ಮಂಡಳಿ ಒಪ್ಪಲೇಬೇಕು. ಬದುಕಿರುವಾಗ ತೆಗೆದರೆ ನಾನು ಮೇಜಿನಿಂದ ಏಳುವುದಿಲ್ಲ. ಅವರು ಹೇಳಲು ಹಿಂಜರಿದರು, ನಾನೇ ಬಾಯಿ ಬಿಡಿಸಿದೆ.

ನಾನು ಹೋದ ಮೇಲೆ ತೆಗೆಯಲಿ, ಅಕ್ಕ. ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ. ಸಹಿ ಹಾಕಲು ಬೆರಳು ನಿಲ್ಲಲಿಲ್ಲ. ಮನೆಯವರೂ ಒಪ್ಪಬೇಕಂತೆ. ಅಮ್ಮ ಒಪ್ಪುವುದಿಲ್ಲ. ನೀನು ಒಪ್ಪಬೇಕು.

ನನಗೆ ಇನ್ನು ಯಂತ್ರ ಬಂದು ಆಗಬೇಕಾದ್ದೇನೂ ಇಲ್ಲ. ಕುಳ್ಳನಿಗೆ ಬೇಕು.

ತಮ್ಮ


ಮನೆ
ಜೂನ್ 17

ತಮ್ಮಾ,

ಅಮ್ಮನಿಗೆ ಹೇಳಿದೆ. ಈ ಸಲ ಯಾವ ಸಾಲನ್ನೂ ಬಿಡಲಿಲ್ಲ. ಕೇಳಿ ಮುಗಿಸಿ, "ನಾನು ಅವನನ್ನ ಇಡಿಯಾಗಿ ಹೆತ್ತಿದ್ದೀನಿ, ಇಡಿಯಾಗೇ ತಂದ್ಕೊಡು" ಅಂದಳು. ಅಷ್ಟೇ.

ನನ್ನಿಂದಲೂ ಆಗುವುದಿಲ್ಲ. ಒಂದು ಸಲ ನಿನ್ನನ್ನು ಮುಚ್ಚಿಹಾಕಿದ ಕೈ ಇದು. ಇನ್ನು ನಿನ್ನನ್ನು ಕೊಯ್ಯಲು ಒಪ್ಪಿಗೆ ಬರೆಯಬೇಕೇ? ಕೇಳಬೇಡ. ಬೇರೆ ಏನಾದರೂ ಕೇಳು.

ಮೊದಲ ಬಸ್ಸಿಗೆ ಹೊರಡುತ್ತಿದ್ದೇನೆ. ಈ ಕಾಗದ ನನಗಿಂತ ತಡವಾಗಿ ತಲುಪಬಹುದು. ನಾನು ಬರುವವರೆಗೆ ಇರು.

ಅಕ್ಕ


ಮನೆ
ಅಕ್ಟೋಬರ್ 2

ಕಾಣದ ಊರಿನ ಅಕ್ಕನಿಗೆ, ಇಲ್ಲವೇ ತಂಗಿಗೆ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ನಾವು ಹೊಲಿದ ಪ್ಯಾಂಟು ಬಂದು ಬೀಳುವ ಮೇಜಿನ ಮುಂದೆ ನಿಂತಿರುವವಳು ನೀನು ಎಂದಷ್ಟೇ ಗೊತ್ತು. ಇಲ್ಲಿ ಅಂಥದೇ ಮೇಜಿನ ಮುಂದೆ ನಾನು ನಿಲ್ಲುತ್ತೇನೆ; ಯೂನಿಯನ್ನಿಗೆ ಹೆದರಿ ನನ್ನನ್ನು ಇನ್ನೂ ತೆಗೆದಿಲ್ಲ. ನಾನು ಬರೆದದ್ದನ್ನು ನಮ್ಮ ಡಾಕ್ಟರಮ್ಮ ಬಲ್ಲವರನ್ನು ಹುಡುಕಿ ನಿಮ್ಮ ಭಾಷೆಗೆ ತಿರುಗಿಸಿ ತಂದುಕೊಟ್ಟಿದ್ದಾರೆ. ನಮ್ಮ ಹೆಂಗಸರು ಪ್ರತಿ ಕಟ್ಟಿನಲ್ಲೂ ಒಂದು ಪ್ಯಾಂಟಿನ ಜೇಬಿಗೆ ಇದನ್ನು ಇಡುತ್ತಿದ್ದಾರೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಇಡುತ್ತಿದ್ದಾರೆ.

ನಿಮ್ಮ ಫ್ಯಾಕ್ಟರಿಗೆ ಹೊಸದಾಗಿ ಬಂದಿರುವ ಕಂಪ್ರೆಸರು, ಪೈಪು ಹೊಸದಲ್ಲ. ನನ್ನ ತಮ್ಮ ಹಿಡಿದವು ಅವು. ಅವನು ಜೂನ್ ತಿಂಗಳಲ್ಲಿ ತೀರಿಕೊಂಡ. ನಾನು ಹೋದಾಗ ಇನ್ನೂ ಉಸಿರಿತ್ತು, ಮಾತಿರಲಿಲ್ಲ. ಕಣ್ಣಿನಲ್ಲೇ ಕೇಳಿದ. ನಾನು ಆಗುವುದಿಲ್ಲ ಎಂದು ತಲೆ ಆಡಿಸಿದೆ. ಅವನು ನೋಡುತ್ತಲೇ ಇದ್ದ. ಸಹಿ ಹಾಕಿ ಅವನ ಮುಂದೆ ಹಿಡಿದೆ. ಓದಿದನೋ ಇಲ್ಲವೋ, ಕಣ್ಣು ಮುಚ್ಚಿದ.

ಅವನ ಎದೆಯನ್ನು ಕೊಯ್ಯುವಾಗ ಕತ್ತರಿ ಕರಕರ ಎಂದಿತಂತೆ. ಡಾಕ್ಟರಮ್ಮ ಅದನ್ನು ನನಗೆ ಹೇಳದಿದ್ದರೆ ಚೆನ್ನಾಗಿತ್ತು. ಒಳಗಿದ್ದದ್ದು ಮರಳೇ. ಮಂಡಳಿ ಕೊನೆಗೆ ಒಪ್ಪಿತು. ಕುಳ್ಳ ಎಂದು ಕರೆಯುವ ಹುಡುಗನ ಮನೆಗೆ ಯಂತ್ರ ಬಂದಿದೆ. ಅವನು ಬದುಕುತ್ತಾನೆ ಎಂದಲ್ಲ. ಮನೆಯಲ್ಲಿ ಸಾಯುತ್ತಾನೆ, ಮಗಳ ಹತ್ತಿರ. ಗೆದ್ದೆವು ಎಂದರೆ ಇಷ್ಟೇ. ತಮ್ಮನನ್ನು ಮಣ್ಣು ಮಾಡಿದ ದಿನದಿಂದ ಅಮ್ಮ ನನ್ನ ಕೂಡ ಮಾತಾಡಿಲ್ಲ. ಅನ್ನ ಬಡಿಸುತ್ತಾಳೆ, ಮುಖ ನೋಡುವುದಿಲ್ಲ.

ನಿಮ್ಮಲ್ಲಿಗೂ ನೋಡಲು ಜನ ಬರುತ್ತಾರೆ. ಹಿಂದಿನ ದಿನ ನಿಮ್ಮ ಮ್ಯಾನೇಜರ್ ನಿಮ್ಮನ್ನು ಕರೆಯುತ್ತಾನೆ, ನಿಮಗೆ ಕುರ್ಚಿ ಹಾಕಿಸುತ್ತಾನೆ. ಆರ್ಡರು ಬೇರೆ ದೇಶಕ್ಕೆ ಹೋಗುತ್ತದೆ ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ, ಹೋಗುತ್ತದೆ. ನೀವು ಮುಚ್ಚಿಟ್ಟರೂ ಹೋಗುತ್ತದೆ, ತೋರಿಸಿದರೂ ಹೋಗುತ್ತದೆ. ನಮ್ಮಿಂದ ನಿಮ್ಮ ಹತ್ತಿರ ಬರಲಿಲ್ಲವೇ? ನಾವು ಮುಚ್ಚಿಟ್ಟೆವು. ಆ ಒಂದು ದಿನದ ಬಾಯಿಮಾತನ್ನು ಅಳಿಸಲು ನನ್ನ ತಮ್ಮನನ್ನೇ ತೆರೆಯಬೇಕಾಯಿತು.

ಅವರು ನಿನ್ನ ಮೇಜಿನ ಹತ್ತಿರ ಬಂದು ಕೇಳುತ್ತಾರೆ. ಬಂದವಳು ಒಳ್ಳೆಯವಳೇ ಇರಬಹುದು. ಆಗ ಒಳಗಿನಿಂದ ನಿನ್ನ ತಮ್ಮನೋ, ಗಂಡನೋ, ನೆರೆಮನೆಯವನೋ ಕೆಮ್ಮುತ್ತಾನೆ. ಅದನ್ನು ಮುಚ್ಚಲು ನಿನ್ನ ಗಂಟಲಿಗೂ ಸುಳ್ಳು ಕೆಮ್ಮು ತಾನಾಗಿಯೇ ಬರುತ್ತದೆ, ನನಗೆ ಗೊತ್ತು.

ಹಲ್ಲು ಕಚ್ಚಿ ಸುಮ್ಮನೆ ನಿಲ್ಲು. ಅವನು ಕೆಮ್ಮಲಿ. ಅವಳಿಗೆ ಕೇಳಲಿ.

ಇಂತಿ,
ಈ ಪ್ಯಾಂಟಿನ ಹೊಲಿಗೆ ನೋಡಿ ಕಳಿಸಿದವಳು